ಗುರುದೇವಿಯ ಕರೆಂಟ್ ಬಿಲ್ಲು

"ಒಂದು ಬಲ್ಬು, ಒಂದು ಫ್ಯಾನು ಅಷ್ಟs ರೀ ಸರ. ಸಾವಿರದ ನಾನೂರು ಬಿಲ್ ಹೆಂಗ ಬರ್ತೈತಿ?"

ಮಲ್ಲತ್ತಹಳ್ಳಿಯ ಆ ಮನೆಯ ಮೇಲಿನ ಮಹಡಿಗೆ ಏದುಸಿರು ಬಿಡುತ್ತ ಬಂದವಳು ಕೆಳಗಿನ ಕೋಣೆಯ ಬಾಡಿಗೆದಾರಳು ಗುರುದೇವಿ, ಬಾಗಲಕೋಟೆ ಕಡೆಯ ನರ್ಸಿಂಗ್ ವಿದ್ಯಾರ್ಥಿನಿ. ಎಂಟು ತಿಂಗಳಿಂದ ಇಂಥದೇ ಬಿಲ್ಲುಗಳನ್ನು ತೆಪ್ಪಗೆ ಕಟ್ಟಿದ್ದಳು ಪಾಪ. ಈಗ ಕಟ್ಟಿದರೆ ಪರೀಕ್ಷಾ ಶುಲ್ಕಕ್ಕೆ ದುಡ್ಡಿಲ್ಲ, ಅದಕ್ಕೆ ನಾಳೆಯೇ ಕೊನೆ ದಿನ. ಕಟ್ಟದಿದ್ದರೆ ಮನೆ ಖಾಲಿ ಮಾಡು ಎಂದು ಒಡತಿ ವಿಮಲಮ್ಮ ಹೇಳಿಯಾಗಿತ್ತು. ಪಕ್ಕದ ಕೋಣೆಯ ಡೆಲಿವರಿ ಕಲ್ಮೇಶನೇ ಕರೆಂಟು ಕದ್ದು ಸ್ಕೂಟರ್ ಚಾರ್ಜ್ ಮಾಡುತ್ತಾನೆಂಬುದು ವಿಮಲಮ್ಮನ ವಾದ.

ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಗಿರಿರಾಜ್ ಮೀಟರ್ ರೀಡರ್ ಆಗಿ ನಿವೃತ್ತರಾದವರು. ಬಡಾವಣೆಯ ಕಳವು, ಕಿತಾಪತಿ ಏನೇ ಇದ್ದರೂ ಪತ್ತೆ ಹಚ್ಚುವವರು ಅವರೇ. ಜೊತೆಗೇ ವಾಸವಿದ್ದ ಗೆಳೆಯ ಭೈರೇಶನಿಗೆ ಅದು ತನ್ನದೇ ಸಾಧನೆ ಎಂಬಷ್ಟು ಹೆಮ್ಮೆ.

"ಈಚೆಗೆ ಊರಿಗೆ ಹೋಗಿದ್ಯೇನಮ್ಮಾ?" ಎಂದರು ಗಿರಿರಾಜ್.

"ಪಂಚಮಿಗೆ ಹೋಗಿದ್ನಿರಿ, ನಾಕು ದಿನ. ಅವ್ವ ಹೇಳಿದಂಗ ಮೇನ್ ಸ್ವಿಚ್ ಬಂದ್ ಮಾಡಿ ಬಾಗಲಕ್ಕ ಕೀಲಿ ಹಾಕಿದ್ನಿ. ಬಂದು ನೋಡಿದ್ರ ಫ್ಯಾನ್ ತಿರುಗಾಕತ್ತಿತ್ತು! ನಾನs ಮರ್ತೀನಿ ಅನ್ಕೊಂಡೆ."

ಭೈರೇಶ ಕಿಸಕ್ಕನೆ ನಕ್ಕ. "ಪಂಚಮಿಲಿ ನಮ್ದೂ ಫಜೀತಿನೇ ಕಣಮ್ಮ. ಮೋಟರ್ ಕೆಟ್ಟು ಎರಡು ದಿನ ನಲ್ಲಿಲಿ ನೀರಿಲ್ಲ. ರಿಪೇರಿಯವನು ಬರೋ ಮೊದ್ಲೇ ತಾನೇ ಸರಿಹೋಯ್ತು."

ಗಿರಿರಾಜ್ ಚಪ್ಪಲಿ ಮೆಟ್ಟಿದರು.

ಸಂಜೆ ಒಡತಿ, ಬಾಡಿಗೆದಾರರು ಎಲ್ಲರೂ ಅಂಗಳದಲ್ಲಿ ಸೇರಿದರು. "ನಾ ಚಾರ್ಜ್ ಹಾಕೂದು ಅಂಗಡ್ಯಾಗ್ರಿ, ದೇವರಾಣಿ!" ಎಂದು ಕಲ್ಮೇಶ ಕೂಗುತ್ತಿದ್ದ. ಗಿರಿರಾಜ್ ವಿಮಲಮ್ಮನ ಕೈಯಲ್ಲಿ ನೀರಿನ ಮೋಟರ್ ಹಾಕಿಸಿ, ಗುರುದೇವಿಗೆ ಅವಳ ಕೋಣೆಯ ಮೇನ್ ಆರಿಸಲು ಹೇಳಿದರು. ಗುಂಯ್‌ಗುಡುತ್ತಿದ್ದ ಮೋಟರ್ ಗಪ್ಪನೆ ನಿಂತಿತು.

"ನೋಡಿದ್ರಾ? ನಾಲ್ಕು ಮನೆ ನೀರೆತ್ತೋ ಮೋಟರು ಈ ಮಗು ಮೀಟರಿಗೆ ಸೇರಿದೆ. ಪಂಚಮಿಲಿ ಇವಳು ಮೇನ್ ಆರಿಸಿ ಹೋದ್ಲು, ನೀರು ನಿಂತೋಯ್ತು. ಮೂರನೇ ದಿನ ಯಾರೋ ಬೀಗ ತೆಗೆದು ಮೇನ್ ಹಾಕಿದ್ರು. ನೀರೂ ಬಂತು, ಆರಿಸದೇ ಬಿಟ್ಟಿದ್ದ ಫ್ಯಾನೂ ತಿರುಗ್ತು. ಆ ಗುಟ್ಟು ಗೊತ್ತಿರೋರಿಗೆ ಮಾತ್ರ ಅದು ಸಾಧ್ಯ. ಇನ್ನೊಂದು ಬೀಗದ ಕೈ ಯಾರ ಹತ್ರ ಇದೆ ವಿಮಲಮ್ಮ?"

ವಿಮಲಮ್ಮನಿಗೆ ನಾಚಿಕೆಯೇ ಆಗಲಿಲ್ಲ. "ನನ್ನ ಹತ್ರಾನೇ, ಏನೀಗ? ಫ್ಯಾಮಿಲಿಯವ್ರ ಮೇಲೆ ಹಾಕಿದ್ರೆ ಜಗಳಕ್ಕೆ ಬರ್ತಾರೆ. ಓದೋರು ಹನ್ನೊಂದು ತಿಂಗಳಿದ್ದು ಹೋಗ್ತಾರೆ, ಕೇಳಲ್ಲ. ಈ ಬಿಲ್ಲು ನಾನೇ ಕಟ್ತೀನಿ ಬಿಡಿ. ನೀನು ತಿಂಗಳ ಕೊನೆಗೆ ಜಾಗ ಖಾಲಿ ಮಾಡಮ್ಮ."

ಅವಳನ್ನು ಇರಿಸಿಕೊಳ್ಳಿ ಎಂದು ಯಾರೂ ಬಾಯಿ ಬಿಡಲಿಲ್ಲ. ಹಾಗೆಂದರೆ ಮೋಟರಿನ ಖರ್ಚು ತಮ್ಮ ತಲೆಗೆ ಬಂದೀತೆಂದು ಒಬ್ಬೊಬ್ಬರೇ ಒಳಗೆ ಸರಿದರು. ಥೂ, ಇವರ ಜನ್ಮಕ್ಕಿಷ್ಟು, ಎಂದುಕೊಂಡ ಭೈರೇಶ.

"ಸತ್ಯ ಹೊರಗೆ ಬಂತಲ್ಲಮ್ಮ," ಎಂದರು ಗಿರಿರಾಜ್.

"ಪರೀಕ್ಷಾ ಮುಂದಿಟ್ಕೊಂಡು ಎಲ್ಲಿಗೆ ಹೋಗ್ಲಿರಿ ನಾನು?" ಎಂದಳು ಗುರುದೇವಿ. "ಜೀವಮಾನ ಮೀಟರ್ ಓದಿದವ್ರು ನೀವು. ಎಂಟು ತಿಂಗಳ ನನ್ನ ರೊಕ್ಕದ ನೀರಾಗ ಜಳಕ ಮಾಡೀರಿ. ಮೋಟರ್ ಯಾರ ಮೀಟರಿಗೆ ಐತಿ ಅಂತ ಒಂದ್ಸಲಾನೂ ಕೇಳಬೇಕನಸಲಿಲ್ಲೇನ್ರೀ ಸರ?"

ಭೈರೇಶ ಗಿರಿರಾಜ್ ಕಡೆ ನೋಡಿದ. ಅವರು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದರು.