ಅಂತರ: ಮೈನಸ್ ನೂರಿಪ್ಪತ್ತು

"ರೂನಾರ್ ಅಂದ್ರೆ ನೀವೇನಾ?"

ಹಡಗಿನಲ್ಲಿ ಪ್ರಯಾಣಿಕರ ಪಟ್ಟಿಯಿಂದ ತಲೆಯೆತ್ತಿದವನ ಮುಖ ಒಮ್ಮೆಲೇ ಅರಳಿತು. ಈ ದನಿ! ಒಂದು ವರ್ಷದಿಂದ ದಿನವೂ ಫೋನಿನಲ್ಲಿ ಕೇಳಿದ ದನಿ ಇವತ್ತು ಹಸಿರು ಕೋಟು ತೊಟ್ಟು ಕಣ್ಣೆದುರೇ ನಿಂತಿದೆ!

"ಸಿಗ್ನೆ?! ಬರ್ತೀನಿ ಅಂತ ನಿನ್ನೆ ಹೇಳಲೇ ಇಲ್ವಲ್ಲ ನೀವು!"

"ಹೇಳಿ ಬರೋ ಕೆಲಸ ಅಲ್ಲ ಇದು. ನಿಮ್ಮ ಫೋನ್ ಕೊಡಿ."

ಅರಳಿದ ಮುಖ ಅರ್ಧಕ್ಕೇ ನಿಂತಿತು.

ಸಿಗ್ನೆಯ ಎದೆ ಡವಗುಟ್ಟುತ್ತಿತ್ತು. 'ಇಷ್ಟು ಎತ್ತರ ಇರ್ತಾನೆ ಅಂದ್ಕೊಂಡಿರಲಿಲ್ಲ... ಕಣ್ಣು ಬೇರೆ ಹೀಗೆ! ಸಿಗ್ನೆ, ಬಂದ ಕೆಲಸ ನೋಡು!'

ಬಂದ ಕೆಲಸ ಚಿಕ್ಕದಾಗಿರಲಿಲ್ಲ. ಹಡಗಿನ ಹೆಸರು ಎಡ್ಲಾ. ಸ್ವೀಡನ್ನಿನ ಕಪೆಲ್‌ಶೇರ್‌ನಿಂದ ಫಿನ್ಲೆಂಡಿನ ಮಾರಿಯೆಹಾಮ್ನ್‌ಗೆ ದಿನವೂ ಜನರನ್ನು ದಾಟಿಸುತ್ತದೆ. ಕಂಪನಿ ಸಣ್ಣದು. ಸ್ಟಾಕ್‌ಹೋಮಿನ ಕಚೇರಿಯಲ್ಲಿ ಕುಳಿತು, ರೂನಾರ್ ದಿನವೂ ಫೋನಿನಲ್ಲಿ ಹೇಳುವ ಪ್ರಯಾಣಿಕರ ಲೆಕ್ಕ ಬರೆದುಕೊಳ್ಳುವುದೂ ಸಿಗ್ನೆಯೇ, ಪಾಸ್‌ವರ್ಡ್ ಮ್ಯಾನೇಜರ್ ನೋಡಿಕೊಳ್ಳುವುದೂ ಸಿಗ್ನೆಯೇ. ಹಡಗಿನ ಎಲ್ಲ ಪಾಸ್‌ವರ್ಡುಗಳೂ ಆ ಒಂದು ತಿಜೋರಿಯಲ್ಲಿವೆ. ಅದು ತೆರೆಯಬೇಕಾದರೆ ಫೋನಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಯ ಕೋಡ್ ಹಾಕಬೇಕು.

ಯಾರು ಯಾವಾಗ ಕೋಡ್ ಹಾಕಿದರು ಎಂದು ತಿಜೋರಿ ತಾನೇ ಬರೆದಿಡುವ ಲಾಗ್‌ನ ಕಾಗದವನ್ನು ಅವಳು ಅವನ ಮುಂದೆ ಹರಡಿದಳು.

"ಓದಿ."

"'ಕೋಡ್ ತಿರಸ್ಕೃತ. ಅಂತರ: ಮೈನಸ್ 120.' ಮತ್ತೆ ಅದೇ... ಮತ್ತೆ ಅದೇ. ಹಾಗಂದ್ರೇನು?"

"ಅದು ನನಗೂ ಗೊತ್ತಾಗ್ತಿಲ್ಲ. ಆದ್ರೆ ಮೂರು ವಾರದಿಂದ ದಿನಾ ನಿಮ್ಮ ಖಾತೇಲಿ ಐದಾರು ಸಲ ತಪ್ಪು ಕೋಡ್ ಬೀಳ್ತಿದೆ. ಆಮೇಲೆ ತುರ್ತಿಗೆ ಅಂತ ಕೊಟ್ಟ ಚೀಟಿಯ ಕೋಡ್ ಹಾಕಿ ಯಾರೋ ಒಳಗೆ ಹೋಗ್ತಿದಾರೆ. ಕಳ್ಳರು ಮಾಡೋದು ಹೀಗೇನೇ!"

"ಯಾರೋ ಅಲ್ಲ, ನಾನೇ. ಫೋನಿನ ಕೋಡ್ ಹಿಡೀತಾ ಇಲ್ಲ, ಅದಕ್ಕೇ ಚೀಟಿ."

"ಮತ್ತೆ ಹೇಳಲಿಲ್ಲ ಯಾಕೆ? ದಿನಾ ನನ್ನ ಹತ್ರ ಮಾತಾಡ್ತಿದ್ರಲ್ಲ!"

ರೂನಾರ್‌ನ ಕಿವಿ ಕೆಂಪಾಯಿತು. "ಆ ಹತ್ತು ನಿಮಿಷದಲ್ಲಿ... ಪಾಸ್‌ವರ್ಡ್ ಮಾತು ಬೇಡ ಅನ್ನಿಸ್ತಿತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು ಸಿಗ್ನೆಗೆ. ಕಿವಿ ಕೆಂಪಾಗಲು ಬೇರೆ ಕಾರಣವೂ ಇರಬಹುದೆಂದು ಅವಳ ಬುದ್ಧಿಗೆ ಹೊಳೆಯಲೇ ಇಲ್ಲ. ಲಾಗ್ ಓದುವುದರಲ್ಲಿ ಜಾಣೆ, ಆದರೆ ಗಂಡಸಿನ ಮುಖ ಓದುವುದರಲ್ಲಿ ಒಂದನೇ ಕ್ಲಾಸು!

"ನಿಮ್ಮ ಖಾತೆಗೆ ಬೆಳಿಗ್ಗೇನೇ ಬೀಗ ಹಾಕಿದೀನಿ. ಮಾರಿಯೆಹಾಮ್ನ್ ದಡದಲ್ಲಿ ಸ್ಟೂರೆ ಕಾಯ್ತಿದಾರೆ. ಅಲ್ಲಿ ತಲುಪೋದ್ರೊಳಗೆ ಕಾರಣ ಸಿಗದೇ ಹೋದ್ರೆ ನಿಮ್ಮನ್ನ ಹಡಗಿನಿಂದ ಇಳಿಸ್ತಾರೆ."

ಸ್ಟೂರೆ ಕಂಪನಿಯ ಮೇಲಧಿಕಾರಿ. ಅವನು ಒಮ್ಮೆ ಇಳಿಸಿದವರು ಮತ್ತೆ ಹತ್ತಿದ್ದಿಲ್ಲ.

ರೂನಾರ್ ಫೋನನ್ನು ಮೇಜಿನ ಮೇಲಿಟ್ಟು, ಅದರ ಬೀಗದ ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಟ್ಟ.

"ಒಂದು ಮಾತು ಸಿಗ್ನೆ. ಬೀಗ ಹಾಕೋ ಮುಂಚೆ ಒಂದು ಸಲ ಕೇಳಬಹುದಿತ್ತು. ಒಂದು ವರ್ಷದ ಮಾತಿಗೆ ಅಷ್ಟೂ ಬೆಲೆ ಇರಲಿಲ್ವಾ?"

ಅವನು ಜೋರು ಮಾಡಲಿಲ್ಲ. ಅದಕ್ಕೇ ಆ ಮಾತು ಇನ್ನೂ ಹೆಚ್ಚು ಚುಚ್ಚಿತು. ಅವಳು ಫೋನೆತ್ತಿಕೊಂಡು ಸರಸರ ನಡೆದುಬಿಟ್ಟಳು.

ಕ್ಯಾಂಟೀನಿನಲ್ಲಿ ಕಿಟಕಿಯ ಪಕ್ಕ ಕುಳಿತು ಕಾಗದಗಳನ್ನು ಹರಡಿಕೊಂಡಳು. ಮೈನಸ್ ನೂರಿಪ್ಪತ್ತು. ಕದ್ದ ಕೋಡ್ ಆಗಿದ್ದರೆ ಈ ಅಂಕಿ ದಿನಕ್ಕೊಂದು ಇರಬೇಕಿತ್ತು. ಮೂರು ವಾರವೂ ಅದೇ ನೂರಿಪ್ಪತ್ತು ಯಾಕೆ?

"ಎಷ್ಟು ದಿಟ್ಟಿಸಿದ್ರೂ ಕಾಗದ ಮಾತಾಡಲ್ಲ ಕಣೇ. ಮೊದ್ಲು ತಿನ್ನು."

ಅಡುಗೆಮನೆಯ ಗುನ್ವೋರ್, ಇಪ್ಪತ್ತು ವರ್ಷದಿಂದ ಈ ಹಡಗಿನಲ್ಲಿದ್ದವಳು, ಪ್ಲಮ್ ಜಾಮ್ ಹಾಕಿದ ದಪ್ಪ ಪ್ಯಾನ್‌ಕೇಕನ್ನೂ ಕಾಫಿಯನ್ನೂ ತಂದಿಟ್ಟಳು.

"ನೀನೇನಾ ಆ ಸಿಗ್ನೆ? ನಮ್ಮ ಹುಡುಗನ ತಲೆ ಕೆಡಿಸಿದವಳು?"

"ನಾನಾ?! ನಾನೇನು ಮಾಡಿದೆ?"

"ಲೆಕ್ಕ ಮೇಲ್ ಮಾಡಿದ್ರೆ ಸಾಕು, ಎರಡು ನಿಮಿಷದ ಕೆಲಸ. ಇವನು ಗಾಳಿ ಮಳೆ ಏನೇ ಇರ್ಲಿ, ಸಿಗ್ನಲ್ ಹುಡುಕ್ಕೊಂಡು ಡೆಕ್ ಮೇಲೆ ಓಡ್ತಾನೆ ಮಾರಾಯ್ತಿ!"

ಸಿಗ್ನೆ ಕಾಫಿ ಲೋಟದೊಳಗೆ ಮುಖ ಮುಚ್ಚಿಕೊಂಡಳು. ದಿನವೂ ಮೂರು ಗಂಟೆಗೆ, ಕಚೇರಿಯಲ್ಲಿ ಎಲ್ಲರೂ ಕಾಫಿಗೆ ಎದ್ದಾಗ, ಅವಳು ಮಾತ್ರ ಲೋಟ ಹಿಡಿದುಕೊಂಡು ಫೋನಿನ ಪಕ್ಕ ಕುಳಿತಿರುತ್ತಿದ್ದಳು. ಮೂರು ವಾರದ ಹಿಂದೆ ಒಂದೇ ಒಂದು ದಿನ ಕರೆ ಎರಡಕ್ಕೇ ಬಂದು, ಅವಳು ಮೀಟಿಂಗ್‌ನಲ್ಲಿದ್ದುದರಿಂದ ಬೇರೆಯವರು ಲೆಕ್ಕ ಬರೆದುಕೊಂಡಿದ್ದರು. ಮರುದಿನ ಅವಳು ಮುನಿಸಿನಿಂದಲೇ ಕೇಳಿದ್ದಳು.

"ನಿನ್ನೆ ಒಂದು ಗಂಟೆ ಮೊದಲೇ ಯಾಕೆ ಮಾಡಿದ್ರಿ?"

"ನನ್ನ ಫೋನಿನಲ್ಲಿ ಮೂರಾಗಿತ್ತು! ನಡು ಸಮುದ್ರದಲ್ಲಿ ಇದು ಒಮ್ಮೆ ನಿಮ್ಮ ದೇಶ ಅನ್ನುತ್ತೆ, ಒಮ್ಮೆ ನಮ್ಮ ದೇಶ ಅನ್ನುತ್ತೆ. ಇನ್ನು ತಪ್ಪಲ್ಲ ಬಿಡಿ."

ಅಂದಿನಿಂದ ತಪ್ಪಿರಲೂ ಇಲ್ಲ.

'ಅಂಥವನು ಕಳ್ಳನಾ? ಅಲ್ಲ, ನನ್ನ ಮನಸ್ಸು ಅಲ್ಲ ಅನ್ನುತ್ತೆ. ಆದ್ರೆ ಮನಸ್ಸನ್ನ ಪ್ರಿಂಟ್ ತೆಗೆದು ಸ್ಟೂರೆಗೆ ಕೊಡೋಕಾಗುತ್ತಾ?'

ಅಷ್ಟರಲ್ಲಿ ಮೇಜಿನ ಮೇಲಿದ್ದ ರೂನಾರ್‌ನ ಫೋನು ಗುಣುಗುಟ್ಟಿತು. ಅಲಾರಂ! ಪರದೆಯ ಮೇಲೆ ಎರಡೇ ಪದಗಳು.

ಸಿಗ್ನೆಯ ಕಾಫಿ.

ಅವಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಫೋನಿನಲ್ಲಿ ಮೂರು ಗಂಟೆ. ಅವಳ ಕೈಗಡಿಯಾರದಲ್ಲೂ ಮೂರು ಗಂಟೆ. ಎಲ್ಲ ಸರಿಯಾಗಿದೆ...

ಎಲ್ಲಿ ಸರಿಯಾಗಿದೆ?! ಅವಳು ಗೋಡೆಯತ್ತ ನೋಡಿದಳು. ಹಡಗಿನ ಗಡಿಯಾರ ನಾಲ್ಕು ತೋರಿಸುತ್ತಿತ್ತು.

"ಗುನ್ವೋರ್, ಆ ಗಡಿಯಾರ ಮುಂದಿದೆಯಾ?"

"ಹುಷ್! ಕ್ಯಾಪ್ಟನ್ ಕೇಳಿಸ್ಕೊಂಡಾರು! ಎಡ್ಲಾ ಎಲ್ಲೇ ನಿಂತಿದ್ರೂ ಫಿನ್ಲೆಂಡಿನ ಟೈಮೇ, ಸ್ವೀಡನ್ನಿಗಿಂತ ಒಂದು ಗಂಟೆ ಮುಂದೆ. ಸ್ವೀಡನ್ ಟೈಮ್ ಇಟ್ಕೊಂಡ ಕೆಲಸದವರನ್ನ ಅವರು ಬೈದೇ ಬೈತಾರೆ."

ಸಿಗ್ನೆ ಫೋನಿನ ಸೆಟ್ಟಿಂಗ್ ತೆರೆದಳು. ದೇಶ ಫಿನ್ಲೆಂಡ್ ಎಂದೇ ಇತ್ತು. ಮುಳ್ಳನ್ನು ಮಾತ್ರ ರೂನಾರ್ ಕೈಯಾರೆ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದ. ಒಂದು ಕೋಡಿಗೆ ಮೂವತ್ತು ಸೆಕೆಂಡು. ನೂರಿಪ್ಪತ್ತು ಕೋಡಿಗೆ...

ಒಂದು ಗಂಟೆ!

ಫಿನ್ಲೆಂಡಿನಲ್ಲೇ ಇನ್ನೂ ಮೂರು ಗಂಟೆ ಎಂದು ನಂಬಿದ ಫೋನು ಕೊಡುತ್ತಿದ್ದುದು ಒಂದು ಗಂಟೆ ಹಳೆಯ ಕೋಡ್. ತನ್ನ ಗಡಿಯಾರದ ಜೊತೆ ಹೊಂದಿದ್ದರಿಂದಲೇ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಇದಕ್ಕೇ.

'ನನ್ನ ಕಾಫಿಯ ಹೊತ್ತು ತಪ್ಪಬಾರದು ಅಂತ... ಅವನನ್ನೇ ಕಳ್ಳ ಅಂದೆನಲ್ಲ!'

ಕಣ್ಣು ತುಂಬಿ ಬಂತು. ಆದರೆ ಅಳುತ್ತ ಕೂರುವ ಹೆಣ್ಣಲ್ಲ ಅವಳು. ಫೋನಿನ ಗಡಿಯಾರ ಸರಿಮಾಡಿದಳು, ಅವನ ಖಾತೆಯ ಬೀಗ ತೆಗೆದಳು, ಮೆಟ್ಟಿಲು ಹತ್ತಿ ಡೆಕ್ಕಿಗೆ ಓಡಿದಳು.

ರೂನಾರ್ ಕಟಕಟೆ ಹಿಡಿದು ನಿಂತಿದ್ದ. ದೂರದಲ್ಲಿ ಮಾರಿಯೆಹಾಮ್ನ್‌ನ ದಡ ಕಾಣತೊಡಗಿತ್ತು.

"ಈಗ ಫೋನಿನ ಕೋಡ್ ಹಾಕಿ ನೋಡು."

ಅವಳು ಹಿಡಿದಿದ್ದ ಟ್ಯಾಬ್ಲೆಟ್‌ನಲ್ಲಿ ಅವನು ಆರು ಅಂಕಿ ಒತ್ತಿದ. ತಿಜೋರಿ ಮೊದಲ ಸಲಕ್ಕೇ ತೆರೆಯಿತು!

"ಏನು ಮಾಡಿದೆ?"

"ನೀನು ನನಗೋಸ್ಕರ ತಿರುಗಿಸಿದ್ದ ಒಂದು ಗಂಟೆ ವಾಪಸ್ ಕೊಟ್ಟೆ. ತಪ್ಪು ನನ್ನದು ರೂನಾರ್. ಕೇಳಬೇಕಿತ್ತು, ಕೇಳಲಿಲ್ಲ. ಕ್ಷಮಿಸು."

ಅವನು ಅಲಾರಂ ನೆನೆದು ಮುಖ ಮುಚ್ಚಿಕೊಂಡ. "ಅಯ್ಯೋ... ಓದಿದೆಯಾ ಅದನ್ನ!"

"ಓದಿದೆ. ಎರಡು ಸಲ ಓದಿದೆ."

"ಹಾಗಾದ್ರೆ ಮುಚ್ಚಿಟ್ಟು ಏನು ಬಂತು? ಕೇಳಿಬಿಡು. ದಿನಕ್ಕೆ ಹತ್ತು ನಿಮಿಷ ಸಾಲ್ತಿಲ್ಲ ಸಿಗ್ನೆ. ನೀನಂದ್ರೆ ನನಗೆ ಪ್ರಾಣ."

"ನಾನೇನು ಕಾಫಿಗೋಸ್ಕರ ಫೋನಿನ ಪಕ್ಕ ಕೂರ್ತಿದ್ದೆ ಅಂದ್ಕೊಂಡ್ಯಾ ಪೆದ್ದ? ಕಾಫಿ ದಿನಾ ಆರಿಹೋಗ್ತಿತ್ತು!"

ಅವನ ಎದೆಗೆ ಅವಳು ತಲೆಯಿಟ್ಟಳು. ಕ್ಯಾಂಟೀನಿನ ಕಿಟಕಿಯಿಂದ ಗುನ್ವೋರ್ ಸೌಟಿನಿಂದ ಗಾಜು ಬಡಿದದ್ದು ಇಬ್ಬರಿಗೂ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ.

ಹಾಗೇ ನಿಂತು ಸಿಗ್ನೆ ಸ್ಟೂರೆಗೆ ಫೋನ್ ಮಾಡಿದಳು. "ಕಳ್ಳತನ ಅಲ್ಲ. ಫೋನಿನ ಗಡಿಯಾರ ಒಂದು ಗಂಟೆ ಹಿಂದಿತ್ತು, ಸರಿಮಾಡಿದೀನಿ. ರೂನಾರ್ ಹಡಗಿನಲ್ಲೇ ಇರ್ತಾನೆ. ಹೌದು, ಬರೆದುಕೊಡ್ತೀನಿ."

"ವರದಿಯಲ್ಲಿ ಅಷ್ಟೇನಾ ಕಾರಣ?" ರೂನಾರ್ ತುಂಟತನದಿಂದ ಕೇಳಿದ.

"ಕಂಪನಿಗೆ ಅಷ್ಟು ಸಾಕು."

"ಇನ್ಮೇಲೆ ಫೋನಿನ ಮುಳ್ಳು ಮುಟ್ಟೋ ಹಾಗಿಲ್ಲ. ನಿನ್ನ ಮೂರು ಗಂಟೆ ನನಗೆ ಹೇಗೆ ಗೊತ್ತಾಗುತ್ತೆ?"

ಸಿಗ್ನೆ ತನ್ನ ಕೈಗಡಿಯಾರ ಬಿಚ್ಚಿ ಅವನ ಮಣಿಕಟ್ಟಿಗೆ ಕಟ್ಟಿದಳು. ಕೊನೆಯ ತೂತಿಗೆ ಬಿಗಿಯಾಗಿ ಕೂತಿತು.

"ಕ್ಯಾಪ್ಟನ್ ನೋಡಿದ್ರೆ?"

"ಅಂಗಿ ತೋಳು ಕೆಳಗಿಳಿಸ್ಕೋ."

"ಮತ್ತೆ ನಿನಗೆ ಗಡಿಯಾರ ಬೇಡ್ವಾ?"

"ಬೇಡ. ನೀನು ಫೋನ್ ಮಾಡಿದಾಗ ನನಗೆ ಮೂರು ಗಂಟೆ."