ನನ್ನ ವಿಳಾಸದಲ್ಲಿದ್ದವನು

ಕೊಡಲೋ, ಬೇಡವೋ? ಇವನೇ ಅವನು ಅಂತ ಏನು ಗ್ಯಾರಂಟಿ? ಕೊಟ್ಟ ಮೇಲೆ ನಾಳೆ ನಿಜವಾದವನು ಬಂದು ಬಾಗಿಲು ಬಡಿದರೆ...

ಕೈಗೆ ಮೆತ್ತಿದ್ದ ಮೈದಾ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಅವಳು ಅರ್ಧ ತೆರೆದ ಬಾಗಿಲಲ್ಲೇ ನಿಂತಿದ್ದಳು. ಲೈಸೆನ್ಸ್ ಆಫೀಸಿನಿಂದ ತನ್ನ ಹೆಸರಿಗೆ ಕವರು ಬಂದಿದೆಯಾ ಎಂದು ಹೊರಗಿದ್ದವನು ಕೇಳಿದ್ದ. ಬಂದಿತ್ತು. ಅವಳು ಈ ಮನೆಗೆ ಬಂದಾಗಿನಿಂದಲೂ ಬರುತ್ತಲೇ ಇತ್ತು. ಮೊಹರು ಬಿದ್ದ ಆ ಕಂದು ಕವರುಗಳನ್ನು ಎಸೆಯುವ ಧೈರ್ಯವಿಲ್ಲದೆ ಫ್ರಿಜ್ಜಿನ ಮೇಲೆ ಪೇರಿಸಿಟ್ಟಿದ್ದಳು.

"ಗುರುತಿನ ಚೀಟಿ ಇದೆಯಾ?"

ಅವನು ಜೇಬಿನಿಂದ ತೆಗೆದು ಕೊಟ್ಟ. ಫೋಟೋದಲ್ಲಿ ಇದೇ ಮುಖ, ಇದೇ ನಿದ್ದೆಗೆಟ್ಟಂಥ ಕಣ್ಣು. ಕೆಳಗಿನ ವಿಳಾಸ ಮಾತ್ರ ಅವಳದು. ಅವಳ ಬೀದಿ, ಅವಳ ಮಹಡಿ, ಅವಳ ಬಾಗಿಲ ನಂಬರು.

ಗುರುತಿಲ್ಲದ ಗಂಡಸೊಬ್ಬ ಕಾಗದದ ಮೇಲೆ ತನ್ನ ಮನೆಯಲ್ಲೇ ಇದ್ದಾನೆ... ಹೆದರಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ.

"ಹಾಗಾದ್ರೆ ಈ ಮನೇಲಿ ನಾನ್ಯಾರು?"

"ಬಾಡಿಗೆ ಕಟ್ಟೋರು," ಎಂದ ಅವನು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಅವಳು ಬಾಗಿಲನ್ನು ಪೂರ್ತಿ ತೆರೆದಳು.

ಅವನು ತಕ್ಕಡಿ ರಿಪೇರಿ ಮಾಡುವವನು. ಕೆಳಗಿನ ಮನೆಯ ಓನರಮ್ಮ ಅವನನ್ನು ಈಗಲೂ 'ತಕ್ಕಡಿ' ಎಂದೇ ಕರೆಯುತ್ತಿದ್ದರು. ಸುತ್ತಿಗೆ ಸದ್ದಿಗೆ ಪಕ್ಕದವರು ಜಗಳ ತೆಗೆದದ್ದರಿಂದ, ಅವಳಿಗಿಂತ ಮುಂಚೆ ತಾನಿದ್ದ ಈ ಮನೆ ಬಿಟ್ಟಿದ್ದನಂತೆ. ಕವರು ಬಂದರೆ ಫೋನ್ ಮಾಡಿ ಎಂದು ನಂಬರು ಕೊಟ್ಟು ಹೋದ.

ಅವಳು ಮಾಡಿದಳು. ಅವನು ಬಂದ. ಮತ್ತೊಂದು ಕವರು, ಮತ್ತೊಂದು ಫೋನು. ಮೊದಮೊದಲು ಬಾಗಿಲಲ್ಲೇ ಇಸಿದುಕೊಂಡು ಹೋಗುತ್ತಿದ್ದವನು ಆಮೇಲೆ ಒಳಗೆ ಬಂದು ಕಾಫಿ ಕುಡಿಯತೊಡಗಿದ. ಒಮ್ಮೆ ಅವಳ ಅಡುಗೆಮನೆಯ ತೂಕದ ಯಂತ್ರವನ್ನು ಕೇಳದೆಯೇ ಬಿಚ್ಚಿ, ಒಳಗೆ ಸೇರಿದ್ದ ಹಿಟ್ಟನ್ನು ಉಫ್ ಎಂದು ಊದಿ ಸರಿಮಾಡಿಟ್ಟ. ಮಾತು ಮಾತ್ರ ಅಳೆದು ತೂಗಿದಷ್ಟೇ. ಮುಂದಿನ ಕೋಣೆಯ ಕಿಟಕಿಯನ್ನೇ ನೋಡುತ್ತ ಕೂರುತ್ತಿದ್ದ. ಆ ಬೆಳಕಲ್ಲೇ ಅವನು ಹಿಂದೆ ಕೆಲಸ ಮಾಡುತ್ತಿದ್ದದ್ದು.

'ಇವನು ಬರೋದು ಕವರಿಗಾ, ಕಿಟಕಿಗಾ, ಇಲ್ಲಾ...'

ಆ ಮೂರನೆಯದನ್ನು ಅವಳು ತನ್ನೊಳಗೇ ಪೂರ್ತಿ ಮಾಡುತ್ತಿರಲಿಲ್ಲ.

ಯಾರಿಗೋ ಬಂದ ಸರ್ಕಾರಿ ಕಾಗದಕ್ಕೆ ಇಷ್ಟೊಂದು ಮುಖ ರಂಗೇರಿಸಿಕೊಳ್ಳುವವರನ್ನು ತನ್ನ ಸರ್ವೀಸಿನಲ್ಲೇ ನೋಡಿಲ್ಲ ಎಂದು ಪೋಸ್ಟ್‌ಮ್ಯಾನ್ ಒಂದು ದಿನ ಹೇಳಿಯೇ ಬಿಟ್ಟ. ಅವಳು ಒಲೆಯ ಝಳ ಎಂದು ಸಬೂಬು ಹೇಳಿದಳು. ಆಗಿನ್ನೂ ಒಲೆ ಹಚ್ಚಿರಲಿಲ್ಲ.

ಕಷ್ಟ ಶುರುವಾದದ್ದು ಅವಳ ಸ್ವಂತ ಲೈಸೆನ್ಸಿನಿಂದ. ಆಸ್ಪತ್ರೆಯ ಕ್ಯಾಂಟೀನಿಗೆ ದಿನವೂ ಕೇಕು ಹಾಕುವ ಆರ್ಡರು ಬಂದಿತ್ತು, ಆದರೆ ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು. ಈ ಆರ್ಡರು ಕೈತಪ್ಪಿದರೆ ಅಣ್ಣನ ಮನೆಗೆ ವಾಪಸ್. ಅಲ್ಲಿ ಅವಳ ಕೋಣೆಯಲ್ಲಿ ಅತ್ತಿಗೆ ಆಗಲೇ ಇಸ್ತ್ರಿ ಮೇಜು ಹಾಕಿಯಾಗಿತ್ತು.

ಒಂದು ಬಾಗಿಲ ನಂಬರಿಗೆ ಒಂದೇ ಲೈಸೆನ್ಸ್, ಈ ನಂಬರಿನಲ್ಲಿ ತಕ್ಕಡಿಯವರದ್ದು ಇನ್ನೂ ಇದೆ, ಅವರು ಬಿಟ್ಟೆ ಎಂದು ಬರೆದುಕೊಡಲಿ ಎಂದ ಕೌಂಟರಿನ ಗುಮಾಸ್ತ.

ಅವಳು ತಕ್ಕಡಿಯವನನ್ನು ಕೇಳಿದಳು. ಅವನು ಆಗಲಿ ಎಂದ. ಮುಂದಿನ ಸಲ ಬಂದಾಗ ಬರಿಗೈ. ಅದರ ಮುಂದಿನ ಸಲವೂ ಅಷ್ಟೇ. ಕೇಳಿದರೆ ಕಪ್ಪಿನೊಳಗೆ ನೋಡುತ್ತಿದ್ದ.

ಆಗಲೇ ಓನರಮ್ಮ ಮೆಟ್ಟಿಲ ಮೇಲೆ ಅವಳನ್ನು ತಡೆದು ಕಿವಿಯಲ್ಲಿ ಹಾಕಿದರು. "ನೋಡಮ್ಮ, ಹೇಳಬಾರದು... ನೀನು ಯಾವಾಗ ಖಾಲಿ ಮಾಡ್ತೀಯ ಅಂತ ತಕ್ಕಡಿ ನನ್ನ ಹತ್ರ ಎರಡೆರಡು ಸಲ ವಿಚಾರಿಸಿದ."

ಅಂದರೆ ಕಿಟಕಿಗೇ ಬರುತ್ತಿದ್ದದ್ದು! ಹಾಗಾದರೆ ತೂಕದ ಯಂತ್ರವನ್ನು ಅಷ್ಟು ಮೆಲ್ಲಗೆ ಒರೆಸಿಟ್ಟದ್ದು? ಕಪ್ಪು ತೊಳೆದಿಟ್ಟು ಹೋಗುತ್ತಿದ್ದದ್ದು? ಯಾವುದನ್ನು ಯಾವುದಕ್ಕೆ ಸೇರಿಸಿದರೂ ಲೆಕ್ಕ ಕೂಡುತ್ತಿರಲಿಲ್ಲ.

ಅವನು ಮತ್ತೆ ಬಂದಾಗ ಅವಳು ಕಾಫಿ ಕೊಡಲಿಲ್ಲ.

"ನಿಮಗೆ ಬೇಕಾಗಿರೋದು ಈ ಮನೆ. ಅಲ್ವಾ?"

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಕವರನ್ನು ಮೇಜಿನ ಮೇಲೇ ಬಿಟ್ಟು ಮೆಟ್ಟಿಲಿಳಿದು ಹೋದ.

'ಇಲ್ಲ ಅಂತ ಒಂದು ಮಾತು... ಅಷ್ಟೂ ಹೇಳೋಕೆ ಆಗ್ಲಿಲ್ವಾ?'

ಮರುದಿನ, ಲೈಸೆನ್ಸ್ ಬಿಟ್ಟೆ ಎಂದು ಅವನು ಬರೆದುಕೊಟ್ಟ ಪತ್ರದ ನಕಲು ಓನರಮ್ಮನ ಕೈಯಿಂದ ಅವಳನ್ನು ತಲುಪಿತು, ಆಫೀಸಿನ ಸೀಲಿನ ಸಮೇತ. ಅವನು ಆಮೇಲೆ ಬರಲಿಲ್ಲ.

ಅವಳ ಲೈಸೆನ್ಸ್ ಬಂತು, ಕ್ಯಾಂಟೀನಿನ ಕೆಲಸವೂ ಶುರುವಾಯಿತು. ತನ್ನ ಹೆಸರಿನ ಕವರನ್ನು ಕೈಯಲ್ಲಿ ಹಿಡಿದು ನಿಂತರೂ ಬರಬೇಕಾದ ಖುಷಿ ಬರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕವರು. ಅವನ ಹೆಸರಿಗೆ!

ಬಿಟ್ಟೆ ಎಂದು ಬರೆದುಕೊಟ್ಟವನಿಗೆ ಇಲ್ಲಿಗೇ ಕವರು ಯಾಕೆ? ಫೋನ್ ಮಾಡಿದರೆ ಎತ್ತಲಿಲ್ಲ. ಬಸ್ ಡಿಪೋ ಹಿಂದೆ ಶೆಡ್ ಹಾಕಿಕೊಂಡಿದ್ದೇನೆ ಎಂದು ಅವನು ಯಾವಾಗಲೋ ಹೇಳಿದ್ದು ನೆನಪಾಗಿ ಅವಳೇ ಹೊರಟಳು.

ಶೆಡ್ಡಿಗೆ ಬಾಗಿಲ ನಂಬರೇ ಇರಲಿಲ್ಲ. ಒಳಗೆ ತಕ್ಕಡಿಗಳೆಲ್ಲ ಬಟ್ಟೆ ಹೊದ್ದು ಕೂತಿದ್ದವು, ಅವನಿರಲಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಮುಳುಗಿಸುತ್ತಲೇ ವಿಷಯ ಹೇಳಿದ. ನಂಬರು ಸಿಗುವವರೆಗೆ ಇಲ್ಲಿಗೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದೆ ತಕ್ಕಡಿ ಮುಟ್ಟುವ ಹಾಗಿಲ್ಲ. ಹಳೇದು ಇದ್ದಷ್ಟು ದಿನ ಹೇಗೋ ನಡೆಯುತ್ತಿತ್ತು, ಪುಣ್ಯಾತ್ಮ ಅದನ್ನೂ ಯಾರಿಗೋ ಬಿಟ್ಟುಕೊಟ್ಟ. ಈಗ ಗೋಡೌನಿನಲ್ಲಿ ಮೂಟೆ ಹೊರೋಕೆ ಹೋಗುತ್ತಾನೆ.

ಅವಳು ಅಲ್ಲೇ ಕಟ್ಟೆಯ ಮೇಲೆ ಕೂತಳು.

ಸಂಜೆ ಅವನು ಬಂದ. ಹೆಗಲ ಮೇಲೆ ಗೋಣಿಯ ನಾರು ಅಂಟಿತ್ತು. ಅವಳು ಕವರು ಚಾಚಿದಳು. ಅವನು ಹರಿದು ಓದಿ, ಅವಳ ಕೈಗೇ ಕೊಟ್ಟ.

ತಾವು ಸದರಿ ವಿಳಾಸದಲ್ಲಿ ಈಗ ಇರುವುದಿಲ್ಲವೆಂಬುದನ್ನು ತಮಗೆ ಈ ಮೂಲಕ ತಿಳಿಸಲಾಗಿದೆ ಎಂದಿತ್ತು. ಅದನ್ನು ಕಳಿಸಿದ್ದು ಸದರಿ ವಿಳಾಸಕ್ಕೇ.

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿತು.

"ಕೆಲಸ ನಿಲ್ಲುತ್ತೆ ಅಂತ ಹೇಳಬಹುದಿತ್ತಲ್ಲ..."

"ಹೇಳಿದ್ರೆ ನೀವು ತಗೋತಿರ್ಲಿಲ್ಲ."

"ಮತ್ತೆ ಓನರಮ್ಮನ ಹತ್ರ ಕೇಳಿದ್ದು? ನಾನ್ಯಾವಾಗ ಖಾಲಿ ಮಾಡ್ತೀನಿ ಅಂತ?"

ಅವನ ಕಿವಿ ಕೆಂಪಗಾಯಿತು.

"ಹೇಳದೆ ಕೇಳದೆ ಹೋಗಿಬಿಟ್ರೆ ಎಲ್ಲಿ ಅಂತ ಹುಡುಕ್ಲಿ? ನನ್ನ ಕವರು ಬರ್ತಾನೇ ಇರುತ್ತೆ... ಕೊಡೋಕೆ ನೀವಿರಲ್ಲ."

ಅವಳು ಆ ಕಾಗದವನ್ನು ಮಡಿಸಿದಳು.

"ನನಗೆ ನೀವು ಬೇಕು," ಎಂದಳು. "ಇನ್ಮೇಲೆ ಕವರು ಬರಲ್ಲ. ಆದ್ರೂ ಬರ್ತೀರಾ?"

"ಏನಂತ ಬರ್ಲಿ?"

"ಸುಮ್ನೆ ಬನ್ನಿ."

"ಸುಮ್ನೆ ಬಂದು ಅಭ್ಯಾಸ ಇಲ್ಲ."

"ಮಾಡ್ಕೊಳ್ಳಿ."

ಅವನು ಶೆಡ್ಡಿನ ಬಾಗಿಲೆಳೆದು, ಅವಳ ಜೊತೆ ಬಸ್ ಸ್ಟಾಪಿನವರೆಗೂ ನಡೆದ. ಬಸ್ಸು ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ. ಅವನ ಒರಟು ಕೈಯೊಳಗೆ ಅವಳ ಕೈಯಿತ್ತು.

ಪ್ರೀತಿಸುತ್ತೇನೆ ಎಂದು ಅವನು ಆ ಸಂಜೆ ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.