ಶನಿವಾರದ ಒಪ್ಪತ್ತು

"ಅತ್ತೀ... ನಾ ಇಳಿಯಂಗಿಲ್ಲ! ನೀನ ಬಂದು ಎತ್ಕೋ!"

ಗಾಳಿ ತುಂಬಿದ ಜಾರುಬಂಡಿಯ ತುತ್ತತುದಿಯಲ್ಲಿ ಕೂತು ಸಿದ್ದು ಕಿರುಚುತ್ತಿದ್ದ. ಹತ್ತುವಾಗ ಹುಲಿ, ಇಳಿಯುವಾಗ ಇಲಿ! ಅಣ್ಣನ ಮಗನ ಈ ಪರಾಕ್ರಮ ಕಲ್ಯಾಣಿಗೆ ಹೊಸದೇನಲ್ಲ.

ರಾಯಚೂರಿನಲ್ಲಿ ಹೊಸದಾಗಿ ಶುರುವಾದ ಜಂಪಿಂಗ್ ಪಾರ್ಕ್ ಅದು. ಗೋದಾಮಿನಂಥ ದೊಡ್ಡ ಹಾಲ್ ತುಂಬ ಗಾಳಿಯ ಕೋಟೆ, ಗಾಳಿಯ ಆನೆ, ಮೋಟರಿನ ಸದ್ದು, ಮಕ್ಕಳ ಕೇಕೆ. ಅವಳ ಅಪ್ಪ ಅಯ್ಯಣ್ಣ ಮನೆಯಿಂದ ತಂದ ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಚಪ್ಪಲಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದರು. ಹೊರಗಿನ ನೀರು ಅವರಿಗೆ ಒಗ್ಗುವುದಿಲ್ಲ.

ಕಲ್ಯಾಣಿ ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ ಹತ್ತತೊಡಗಿದಳು. ಕಾಲಿಟ್ಟಲ್ಲೆಲ್ಲ ಕುಸಿತ! ಗಿಲ್ಲೆಸುಗೂರು ಶಾಲೆಯ ಟೀಚರು ಹೀಗೆ ಕಪ್ಪೆಯ ಹಾಗೆ ಏರುವುದನ್ನು ಅವಳ ವಿದ್ಯಾರ್ಥಿಗಳು ನೋಡಿದ್ದರೆ ಮಾನ ಮೂರು ಪಾಲಾಗುತ್ತಿತ್ತು. ಇನ್ನೇನು ತುದಿ ಸಿಕ್ಕಿತು ಅನ್ನುವಾಗ ಕಾಲು ಜಾರಿತು...

ಮೇಲಿನಿಂದ ಒಂದು ಕೈ ಬಂದು ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು.

"ನಿಧಾನ ಬರ್ರಿ, ನಾ..." ಎಂದ ದನಿ ಅಲ್ಲಿಗೇ ನಿಂತಿತು.

ಹನುಮೇಶ!

ಯಾರನ್ನು ಮರೆತೆ ಎಂದು ದಿನವೂ ಬೆಳಿಗ್ಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳೋ, ಅದೇ ಹನುಮೇಶ! ಪಕ್ಕದಲ್ಲಿ ನಾಲ್ಕು ವರ್ಷದ ಹುಡುಗಿ ಅವನ ಅಂಗಿ ಹಿಡಿದುಕೊಂಡು ನಿಂತಿದ್ದಳು.

'ಕೈ ಬಿಡಿಸಿಕೊಳ್ಳಲಾ?' ಬಿಡಿಸಿಕೊಂಡರೆ ಕೆಳಗೆ ಬೀಳಬೇಕು. ಅಷ್ಟರಲ್ಲಿ ಹಿಂದಿನ ಮಕ್ಕಳು ತಳ್ಳಿದರು ನೋಡಿ! ನಾಲ್ವರೂ ಒಟ್ಟಿಗೆ ಜಾರಿ ಕೆಳಗೆ ಬಂದು ಗುಡ್ಡೆಯಾಗಿ ಬಿದ್ದರು. ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ದೊಡ್ಡವರಿಬ್ಬರಿಗೂ ನಗು ಬರಲಿಲ್ಲ.

"ನನ್ನ ನಂಬರ್ ಬ್ಲಾಕ್ ಮಾಡೀರಿ..." ಹನುಮೇಶ ಮೆಲ್ಲಗೆ ಅಂದ.

"ಹೂಂ. ಮಾಡೀನಿ."

"ನಾ ಏನು ತಪ್ಪು ಮಾಡೀನಿ, ಅಷ್ಟು ಹೇಳಿಬಿಡ್ರಿ ಕಲ್ಯಾಣಿ."

"ನಮ್ಮಪ್ಪನ ಮುಖ ನೋಡ್ರಿ. ಗೊತ್ತಾಗ್ತದ!"

ಬೆಂಚಿನ ಮೇಲೆ ಅಯ್ಯಣ್ಣ ಮುಖ ಆಚೆ ತಿರುಗಿಸಿಕೊಂಡಿದ್ದರು.

ಶಿಕ್ಷಕರ ತರಬೇತಿಯಲ್ಲಿ ಪರಿಚಯವಾದವನು ಅವನು. ಅರಕೇರಾ ಶಾಲೆಯ ಮೇಷ್ಟ್ರು, ಕುರಿ ಕಾಯ್ದು ಬೆಳೆದ ಮನೆತನದ ಹುಡುಗ. ಫೋನಿನಲ್ಲಿ ಮಾತು, ವಾರದ ನಡುವೆ ಎಂದಾದರೂ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ. ಜಾತಿ ಬೇರೆ ಅನ್ನುವ ಅಂಜಿಕೆ ಅವಳಿಗಿತ್ತು. "ನಮ್ಮವ್ವ ಒಪ್ಯಾಳ. ನಾ ಬಂದು ನಿಮ್ಮಪ್ಪನ್ನ ಕೇಳ್ತೀನಿ" ಎಂದು ಅವನೇ ಮನೆಗೆ ಬಂದ. ಅಯ್ಯಣ್ಣ ಹೊಸ ಕಪ್ಪು ತೆಗೆಸಿದರು. ಚಹಾ ತಾವೇ ಹಿಡಿದು ತಂದರು.

ಅವನು ಮುಟ್ಟಲಿಲ್ಲ. "ತಪ್ಪು ತಿಳೀಬ್ಯಾಡ್ರಿ... ಇವತ್ತು ನಂದು ಒಪ್ಪತ್ತು. ನೀರೂ ಕುಡಿಯಂಗಿಲ್ಲ" ಅಂದ.

ಒಪ್ಪತ್ತು! ಆ ಮಾತು ಆ ಮನೆಗೆ ಹೊಸದೇ? ಅಯ್ಯಣ್ಣ ಕಚೇರಿಯಲ್ಲಿ ಜವಾನರಾಗಿದ್ದಾಗ, ಮಕ್ಕಳ ಹುಟ್ಟುಹಬ್ಬಕ್ಕೆ ಬಂದ ಮೇಲ್ಜಾತಿಯ ಜತೆಗಾರರೆಲ್ಲ ಅದನ್ನೇ ಹೇಳಿದವರು. ಸೋಮವಾರ ಬಂದವರಿಗೆ ಸೋಮವಾರದ ಒಪ್ಪತ್ತು, ಗುರುವಾರ ಬಂದವರಿಗೆ ಗುರುವಾರದ್ದು. ಅಯ್ಯಣ್ಣನ ಮನೆ ಹೊಸ್ತಿಲು ದಾಟಿದರೆ ಸಾಕು, ಎಲ್ಲರಿಗೂ ಭಕ್ತಿ ಉಕ್ಕಿ ಬರುತ್ತಿತ್ತು!

ಅವನು ಹೋದ ಮೇಲೆ ಅಪ್ಪ ಆರಿದ ಚಹಾವನ್ನು ಬಚ್ಚಲಿಗೆ ಚೆಲ್ಲಿ ಬಂದಿದ್ದರು. ಒಂದು ಮಾತೂ ಆಡಿರಲಿಲ್ಲ. ಆ ಮೌನವನ್ನು ಕಲ್ಯಾಣಿ ಇಂದಿಗೂ ನುಂಗಿಕೊಂಡಿಲ್ಲ.

"ಮಾಮಾ, ನೀರಡಿಕಿ!" ಹುಡುಗಿ ಕೂಗಿದಳು.

ಸಿದ್ದು ಆಗಲೇ ತಾತನ ಬಾಟಲಿಗೆ ಬಾಯಿ ಹಚ್ಚಿದ್ದ. ಹುಡುಗಿ ಓಡಿಹೋದವಳೇ ಅವನ ಕೈಯಿಂದ ಬಾಟಲಿ ಕಸಿದುಕೊಂಡು ಗಟಗಟ ಕುಡಿಯತೊಡಗಿದಳು. ತಡೆಯಲೆಂದು ಕಲ್ಯಾಣಿ ಅತ್ತ ಹೆಜ್ಜೆಯಿಟ್ಟಳು. ಆ ಮಗುವಿನ ತಾಯಿ ಎದುರಿಗೇ ಬರುತ್ತಿದ್ದಳು. 'ಈಗ ಏನಂತಾಳೋ...'

"ಬಂಡೆಮ್ಮಾ! ಅಷ್ಟೂ ಖಾಲಿ ಮಾಡಬ್ಯಾಡ ಬೇ!" ಎಂದವಳು ಅಯ್ಯಣ್ಣನ ಪಕ್ಕದಲ್ಲೇ ಕುಕ್ಕರಿಸಿದಳು. "ಯಪ್ಪಾ, ನನಗೂ ಒಂದು ಗುಟುಕು ಕೊಡ್ರಿ. ಈ ಹುಡುಗಿ ಹಿಂದ ಓಡಿ ಗಂಟಲು ಒಣಗ್ಯಾದ."

ಅವಳು ಹನುಮೇಶನ ಅಕ್ಕ ಶೈಲಶ್ರೀ. ಕುಡಿದು ಬಾಯಿ ಒರೆಸಿಕೊಂಡು, ಬಾಟಲಿಯನ್ನು ತಮ್ಮನ ಮುಖಕ್ಕೆ ಹಿಡಿದಳು.

"ಲೇ ಹನುಮ್ಯಾ, ತುಟಿ ನೋಡ್ಕೋ, ಬಿರಿದು ಬಂದಾವ. ಒಂದು ಗುಟುಕು ಕುಡಿ. ದೇವರಿಗೂ ಕಣ್ಣದಾವ, ತಿಳಕೊಂತಾನ."

"ಬ್ಯಾಡಕ್ಕ."

"ಮಾಮಾ ಕುಡಿಯಂಗಿಲ್ಲ! ಶನಿವಾರ ಹೊತ್ತು ಮುಳುಗೋತನ ಕುಡಿಯಂಗಿಲ್ಲ!" ಬಂಡೆಮ್ಮ ಎಲ್ಲರಿಗೂ ಕೇಳುವಂತೆ ಚಾಡಿ ಹೇಳಿದಳು.

ಕಲ್ಯಾಣಿ ನಿಂತಲ್ಲೇ ನಿಂತಳು. ಇವತ್ತು ಶನಿವಾರ... ಅವತ್ತೂ ಶನಿವಾರವೇ!

"ಯಾಕವ್ವ, ಮಗಳು ಹಿಂಗಂತಾಳ?" ಅಯ್ಯಣ್ಣ ಮೊದಲ ಸಲ ಬಾಯಿಬಿಟ್ಟರು.

"ಏನು ಹೇಳಲಿ ಯಪ್ಪಾ. ಇವಳು ದಿನ ತುಂಬೋಕಿಂತ ಮುಂಚೆ ಹುಟ್ಟಿದಳು. ಅಂಗೈಯಷ್ಟಿದ್ದಳು, ಗಾಜಿನ ಪೆಟ್ಟಿಗ್ಯಾಗ ಇಟ್ಟಿದ್ರು. ಇವಳು ಶಾಲಿ ಸೇರೋತನ ಶನಿವಾರ ನೀರೂ ಮುಟ್ಟಂಗಿಲ್ಲ ಅಂತ ಇಂವ ಹರಕಿ ಹೊತ್ತಾನ. ನಮ್ಮವ್ವ ಅತ್ತು ಕರದು ನೀರು ಕೊಟ್ರೂ ಕುಡಿದಿಲ್ಲ. ಬರೋ ಜೂನಿಗೆ ಮುಗೀತದ, ನಾನೂ ಗೆದ್ದೆ!"

ಅಯ್ಯಣ್ಣನ ತೊಡೆಗೆ ಒರಗಿ ನಿಂತ ಬಂಡೆಮ್ಮನನ್ನು ಕಲ್ಯಾಣಿ ನೋಡಿದಳು. ಅವನು ಸುಳ್ಳು ಹೇಳಿರಲಿಲ್ಲ. ತನ್ನ ಮನೆಯ ಚಹಾವನ್ನು ಅವನು ಜಾತಿ ನೋಡಿ ದೂರ ಇಟ್ಟಿರಲಿಲ್ಲ! ಇಷ್ಟು ದಿನ ಎದೆ ಮೇಲೆ ಹೊತ್ತ ಬಂಡೆಯನ್ನು ಯಾರೋ ಇಳಿಸಿದಂತಾಯಿತು.

"ಹರಕಿ ಅಂತ ಯಾಕ ಹೇಳಲಿಲ್ರಿ?" ಅವಳು ಹನುಮೇಶನತ್ತ ತಿರುಗಿದಳು.

"ಹರಕಿ ಸಾರಿ ಹೇಳಬಾರದು ಅಂತಾರಲ್ರಿ... ಒಪ್ಪತ್ತು ಅಂದ್ರ ಸಾಕು ಅಂದ್ಕೊಂಡೆ." ಹನುಮೇಶ ತಲೆತಗ್ಗಿಸಿದ.

"ಆ ಮಾತು ನಮ್ಮ ಮನ್ಯಾಗ ಎಷ್ಟು ಮಂದಿ ಹೇಳ್ಯಾರ, ಗೊತ್ತೇನು ನಿಮಗ?"

ಅವನು ಅಯ್ಯಣ್ಣನತ್ತ ನೋಡಿದ. ಅರ್ಥವಾಗುತ್ತ ಹೋದಂತೆ ಅವನ ಮುಖ ಬಾಡಿತು. ಬೆಂಚಿನ ಮುಂದೆ ಮಂಡಿಯೂರಿ ಕೂತ.

"ಯಪ್ಪಾ... ನಾ ಬ್ಯಾರೆ ದಿನ ಬರಬೇಕಿತ್ತು. ಶನಿವಾರ ಅರ್ಧ ದಿನ ಶಾಲಿ ಅಂತ ಅವತ್ತ ಓಡಿ ಬಂದೆ. ನಿಮಗ ಎಂಥಾ ಪೆಟ್ಟು ಬೀಳ್ತದ ಅಂತ ಹೊಳೀಲೇ ಇಲ್ಲ. ತಪ್ಪಾತ್ರಿ."

ಅಯ್ಯಣ್ಣ ಬಾಟಲಿಯ ಮುಚ್ಚಳ ಬಿಗಿದು ಪಕ್ಕಕ್ಕಿಟ್ಟುಕೊಂಡರು. ಆಮೇಲೆ ಅವರ ಮೀಸೆಯಡಿ ಸಣ್ಣ ನಗು ಮೂಡಿತು.

"ನಿಂದೇನೂ ತಪ್ಪಿಲ್ಲ ತಮ್ಮಾ. ನನಗ ಇಷ್ಟು ವಯಸ್ಸಾದರೂ ಖರೇನೇ ಒಪ್ಪತ್ತು ಮಾಡೋ ಮನಷ್ಯಾ ನಮ್ಮ ಮನಿಗಿ ಬಂದಿರಲಿಲ್ಲ. ಅದಕ್ಕ ನನಗ ಗುರ್ತು ಸಿಗಲಿಲ್ಲ!"

ಶೈಲಶ್ರೀಗೆ ಏನೂ ತಿಳಿಯಲಿಲ್ಲ. ಆದರೂ ಎಲ್ಲರೂ ನಕ್ಕಿದ್ದು ನೋಡಿ ತಾನೂ ನಕ್ಕಳು.

ಮಕ್ಕಳನ್ನು ಗಾಳಿ ಕೋಟೆಯಿಂದ ಎಳೆದು ತರುವುದೇ ಒಂದು ಯುದ್ಧವಾಯಿತು. ಹೊರಗೆ ಬಂದಾಗ ಎದುರಿನ ಬಂಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ರಸ್ತೆಯ ಕೊನೆಯಲ್ಲಿ ಹೊತ್ತು ಕೆಂಪಗೆ ಇಳಿಯುತ್ತಿತ್ತು. ಬಂಡೆಮ್ಮ ಅದನ್ನೇ ನೋಡುತ್ತ ನಿಂತಿದ್ದಳು.

"ಮುಳುಗಿತು! ಮಾಮಾ, ಮುಳುಗಿತು!"

ಹನುಮೇಶ ಅಯ್ಯಣ್ಣನ ಹತ್ತಿರ ಹೋದ. "ಯಪ್ಪಾ... ಆ ಬಾಟಲ್ಯಾಗ ನೀರು ಉಳದಾವೇನ್ರಿ?"

"ಉಳದಾವ. ಆಗಿನಿಂದ ಸಿದ್ದೂಗೂ ಕೊಡದ ಇಟ್ಟೀನಿ."

ಅವನು ಎರಡೂ ಕೈಯಿಂದ ತೆಗೆದುಕೊಂಡ. ಕಣ್ಣು ಮುಚ್ಚಿ, ಕೊನೆಯ ಹನಿಯವರೆಗೂ ಕುಡಿದ. ಅಯ್ಯಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ನಡೀರಿ, ಮಕ್ಕಳಿಗೆ ಮಿರ್ಚಿ ಕೊಡಸ್ತೀನಿ" ಎಂದು ಎಲ್ಲರನ್ನೂ ಮುಂದೆ ಹೊರಡಿಸಿದರು.

ಇಬ್ಬರೇ ಉಳಿದರು.

"ನಿಮ್ಮನ್ನ ಬಿಟ್ಟು ನನಗ ಇರಾಕ ಆಗಂಗಿಲ್ಲ ಕಲ್ಯಾಣಿ" ಎಂದ ಅವನು.

ಅವಳು ಫೋನ್ ತೆಗೆದು ಬ್ಲಾಕ್ ತೆಗೆದಳು. ಅವನಿಗೆ ಕಾಣುವ ಹಾಗೆ ಹಿಡಿದಳು. "ನನಗ ಮಾತ್ರ ಆಗ್ತದ ಅಂದ್ಕೊಂಡೀರೇನು?"

"ಹಂಗಾದ್ರ... ಚಾ ಕುಡಿಯಾಕ ಯಾವತ್ತು ಬರಲ್ರಿ? ಶನಿವಾರ ಬಿಟ್ಟು ಯಾವ ದಿನಾನೂ ಆಗಲಿ."

ಕಲ್ಯಾಣಿ ಕಣ್ಣು ತುಂಬಿಕೊಂಡೇ ನಕ್ಕಳು.

"ಶನಿವಾರನೂ ಬರ್ರಿ. ಹೊತ್ತು ಮುಳುಗೋತನ ನಾನೂ ನಿಮ್ಮ ಜೋಡಿ ಕಾಯ್ತೀನಿ."